ಮೊದಲು ಎಂಜಿನ್ ನೋಡಿ, ಆಮೇಲೆ ಆಯುಧ

ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಇಪ್ಪತ್ತು ವರ್ಷ ಡ್ರಾಯಿಂಗ್ ಓದಿದವನು ನಾನು. ‘ಫುಲ್ ಥ್ರಸ್ಟ್’ ಎಂಬ ಬಾಹ್ಯಾಕಾಶ ಕದನದ ಆಟದಲ್ಲಿ ನಮ್ಮ ಹಡಗನ್ನು ನಾವೇ ವಿನ್ಯಾಸ ಮಾಡಬಹುದು ಎಂದು ಅಕ್ಕನ ಮಗಳು ಹೇಳಿದ ದಿನದಿಂದ ಪ್ರತಿ ಶನಿವಾರ ರಾಜಾಜಿನಗರದ ನಮ್ಮ ಮನೆಯ ಊಟದ ಮೇಜೇ ರಣರಂಗ. ನಿಯಮದಲ್ಲಿ ದೂರದ ಅಳತೆಯನ್ನು ಇಂಚು ಎಂದಾದರೂ ಸೆಂಟಿಮೀಟರ್ ಎಂದಾದರೂ ಇಟ್ಟುಕೊಳ್ಳಬಹುದು. ನಮ್ಮ ಮೇಜಿನ ಅಗಲ 3 ಅಡಿ. ಇಂಚಿನಲ್ಲಿ ಆಡಿದರೆ ದೊಡ್ಡ ಬೀಮ್, ಅಂದರೆ ಕಿರಣದ ಆಯುಧ, ಈ ಅಂಚಿನಿಂದ ಆ ಅಂಚಿಗೆ ಮುಟ್ಟಿಬಿಡುತ್ತದೆ. ಅದಕ್ಕೆ ನಾವು ಸೆಂಟಿಮೀಟರ್ ಹಿಡಿದೆವು.

ಬೀಮ್‌ನ ನಿಯಮ ಸರಳ. ಕ್ಲಾಸ್ ಎಷ್ಟೋ ಅಷ್ಟು ದಾಳ. ಪ್ರತಿ 12 ಅಳತೆಗೆ ಒಂದು ದಾಳ ಕಡಿಮೆ. ಕ್ಲಾಸ್-3 ಬೀಮ್ 12ರೊಳಗೆ 3 ದಾಳ, 24ರವರೆಗೆ 2, 36ರವರೆಗೆ 1. ದಾಳದಲ್ಲಿ 4 ಅಥವಾ 5 ಬಿದ್ದರೆ ಒಂದು ಪೆಟ್ಟು. 6 ಬಿದ್ದರೆ ಎರಡು ಪೆಟ್ಟು, ಜೊತೆಗೆ ಮತ್ತೊಮ್ಮೆ ಎಸೆಯುವ ಅವಕಾಶ. ಲೆಕ್ಕ ಹಾಕಿದರೆ ಒಂದು ದಾಳಕ್ಕೆ ಸರಾಸರಿ 0.8 ಪೆಟ್ಟು.

ಹೊಸಬರು ಇಲ್ಲಿಯೇ ಕ್ಲಾಸ್-3ಕ್ಕೆ ಮನಸೋಲುತ್ತಾರೆ. ಸ್ವಲ್ಪ ತಡೆದು, ಅದು ಹಡಗಿನಲ್ಲಿ ತಿನ್ನುವ ಮಾಸ್, ಅಂದರೆ ತೂಕದ ಪಾಲು, ನೋಡಿ. ಹಡಗಿನ ಸುತ್ತಲ 360 ಡಿಗ್ರಿಯನ್ನು 60 ಡಿಗ್ರಿಯ ಆರು ಆರ್ಕ್‌ಗಳಾಗಿ ಹಂಚಿದ್ದಾರೆ. ಕ್ಲಾಸ್-3 ಒಂದೇ ಆರ್ಕ್‌ನಲ್ಲಿ ಹೊಡೆಯಲು 4 ಮಾಸ್ ಬೇಕು. ಪ್ರತಿ ಹೆಚ್ಚುವರಿ ಆರ್ಕ್‌ಗೆ ಇನ್ನೊಂದು. ಮೂರು ಆರ್ಕ್ ಬೇಕೆಂದರೆ 6 ಮಾಸ್. ಅದೇ 6 ಮಾಸ್‌ನಲ್ಲಿ ಮೂರು ಆರ್ಕ್‌ನ ಕ್ಲಾಸ್-2 ಬೀಮ್‌ಗಳು ಮೂರು ಸಿಗುತ್ತವೆ. ಅವು 12ರೊಳಗೆ 6 ದಾಳ, 24ರವರೆಗೆ 3 ದಾಳ ಕೊಡುತ್ತವೆ. ಅಂದರೆ 24ರ ಆಚೆ ಒಂದೇ ಒಂದು ದಾಳಕ್ಕಾಗಿ, ಹತ್ತಿರದ ಪೆಟ್ಟಿನ ಅರ್ಧವನ್ನೇ ಬಿಟ್ಟುಕೊಟ್ಟ ಹಾಗಾಯಿತು. ನಿಮ್ಮ ಹಡಗು ಶತ್ರುವಿಗಿಂತ ಚುರುಕಾಗಿದ್ದು, 24ರ ಆಚೆಯೇ ಉಳಿಯಬಲ್ಲದು ಎಂದಾದರೆ ಮಾತ್ರ ಈ ವ್ಯಾಪಾರ ಗಿಟ್ಟುತ್ತದೆ. ಆದ್ದರಿಂದಲೇ ಎಂಜಿನ್ ಮೊದಲು ಎನ್ನುವುದು.

ತಿರುಗುವುದಕ್ಕೂ ಇದೇ ಮಾತು. ಹಡಗಿನ ದಿಕ್ಕನ್ನು ಗಡಿಯಾರದ ಹನ್ನೆರಡು ಗಂಟೆಗಳಂತೆ ಗುರುತಿಸುತ್ತಾರೆ. ಎಂಜಿನ್‌ನ ಬಲದ ಅಂಕೆಯೇ ಥ್ರಸ್ಟ್; ಒಂದು ಸುತ್ತಿನಲ್ಲಿ ಅದರ ಅರ್ಧದಷ್ಟು ಗಂಟೆ ತಿರುಗಬಹುದು. ಥ್ರಸ್ಟ್ 4 ಇದ್ದರೆ ಎರಡು ಗಂಟೆ, ಅಂದರೆ 60 ಡಿಗ್ರಿ: ಸರಿಯಾಗಿ ಒಂದು ಆರ್ಕ್. ಥ್ರಸ್ಟ್ 2 ಇದ್ದರೆ ಅರ್ಧ ಆರ್ಕ್ ಅಷ್ಟೇ. ಚಲನೆಯನ್ನು ಇಬ್ಬರೂ ಗುಟ್ಟಾಗಿ ಮೊದಲೇ ಬರೆದಿಡಬೇಕಾದ ಆಟವಿದು. ಮಂದ ಹಡಗಿಗೆ ಒಂದೇ ಆರ್ಕ್‌ನ ಆಯುಧ ಕೂರಿಸಿದರೆ ಅದು ಬಹುಪಾಲು ಸುತ್ತು ಖಾಲಿ ಆಕಾಶವನ್ನೇ ನೋಡುತ್ತಿರುತ್ತದೆ.

ಎದುರಾಳಿ ಸ್ಕ್ರೀನ್, ಅಂದರೆ ಬೀಮ್‌ನ ಪೆಟ್ಟು ತಗ್ಗಿಸುವ ಪರದೆ, ಹಾಕಿಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ. ಎರಡನೇ ಹಂತದ ಸ್ಕ್ರೀನ್ ಎದುರು ಬೀಮ್‌ನ ದಾಳದ ಸರಾಸರಿ 0.47ಕ್ಕೆ ಇಳಿಯುತ್ತದೆ. ಪಲ್ಸ್ ಟಾರ್ಪಿಡೊ ಎಂಬ ಇನ್ನೊಂದು ಆಯುಧ ಸ್ಕ್ರೀನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 12ರಿಂದ 18ರ ದೂರದಲ್ಲಿ ಅದು 4 ಅಥವಾ ಹೆಚ್ಚು ಬಿದ್ದರೆ ತಗಲುತ್ತದೆ. ತಗುಲಿದರೆ ಒಂದು ದಾಳದಲ್ಲಿ ಬಿದ್ದಷ್ಟು ಪೆಟ್ಟು. ಗುರಿ ತಪ್ಪುವುದನ್ನೂ ಸೇರಿಸಿದರೆ ಸರಾಸರಿ 1.75. ಟಾರ್ಪಿಡೊದಂತೆಯೇ 4 ಮಾಸ್ ತಿನ್ನುವ ಎರಡು ಕ್ಲಾಸ್-2 ಬೀಮ್‌ಗಳು ಅಲ್ಲಿ ಕೊಡುವುದು 0.93. ಒಂದು ಟಾರ್ಪಿಡೊ ನನ್ನ ಪ್ರತಿ ಕ್ರೂಸರ್‌ನಲ್ಲಿಯೂ ಇರುತ್ತದೆ.

ಇನ್ನು ಫೈರ್‌ಕಾನ್, ಅಂದರೆ ಗುರಿ ಹಿಡಿಯುವ ವ್ಯವಸ್ಥೆ. ಕೇವಲ 1 ಮಾಸ್. ಒಂದು ಸಾಕೆಂದು ಉಳಿಸಿದ ಆ ಒಂದು ಮಾಸ್ ನನ್ನ ಒಂದು ಇಡೀ ಸಂಜೆಯನ್ನು ಕಸಿದುಕೊಂಡಿತು. ಪೆಟ್ಟು ಬಿದ್ದಂತೆ ಅಳಿಸುವ ಹಲ್‌ನ, ಅಂದರೆ ಹಡಗಿನ ಒಡಲಿನ, ಚೌಕಗಳು ನಾಲ್ಕು ಸಾಲಿನಲ್ಲಿರುತ್ತವೆ. ಒಂದೊಂದು ಸಾಲು ಅಳಿದಾಗ ಪ್ರತಿ ಸಾಧನಕ್ಕೂ ದಾಳ ಎಸೆಯಬೇಕು. ಮೊದಲ ಸಾಲಿಗೆ 6 ಬಿದ್ದರೆ ಆ ಸಾಧನ ಕೆಟ್ಟಂತೆ. ಬೀಮ್‌ಗಳೆಲ್ಲ ಉಳಿದವು, ಟಾರ್ಪಿಡೊ ಉಳಿಯಿತು, ಕೊನೆಯ ದಾಳ ಉಪ್ಪಿನಕಾಯಿ ಭರಣಿಗೆ ತಗುಲಿ ನಿಂತಿತು. “ಮಾವ, ಫೈರ್‌ಕಾನ್ ಹೋಯಿತು” ಎಂದಳು ಹುಡುಗಿ. ಆಯುಧಗಳೆಲ್ಲ ಗಟ್ಟಿಯಾಗಿದ್ದೂ ಒಂದನ್ನೂ ಹೊಡೆಯಲಾಗದೆ ನೋಡುತ್ತ ಕೂತೆ.

ಈಗ ನನ್ನ 60 ಮಾಸ್‌ನ ಕ್ರೂಸರ್ ಹೀಗಿದೆ. ಹಲ್ 18, ನಕ್ಷತ್ರಯಾನದ ಎಂಜಿನ್ 6, ಥ್ರಸ್ಟ್ 4ರ ಎಂಜಿನ್ 12. ಉಳಿದ 24ರಲ್ಲಿ ಫೈರ್‌ಕಾನ್ 2, ಕ್ಷಿಪಣಿ ತಡೆಯುವ ಸಾಧನ 2, ಒಂದನೇ ಹಂತದ ಸ್ಕ್ರೀನ್ 3, ರಕ್ಷಾಕವಚ 3, ಮುಂದಕ್ಕೆ ಮುಖಮಾಡಿದ ಟಾರ್ಪಿಡೊ 4, ಐದು ಕ್ಲಾಸ್-2 ಬೀಮ್‌ಗೆ 10. ಬೀಮ್‌ಗಳಲ್ಲಿ ಎರಡು ಎಡಕ್ಕೆ, ಎರಡು ಬಲಕ್ಕೆ, ಒಂದು ನಡುವೆ. ಮುಂದಿನ ಆರ್ಕ್ ಮಾತ್ರ ಐದಕ್ಕೂ ಸೇರಿದ್ದು.

ಹಾಳೆಯನ್ನು ಅಂತಿಮ ಮಾಡುವ ಮುನ್ನ ಗ್ರಾಫ್ ಕಾಗದದ ಮೇಲೆ ಒಂದು ನಾಣ್ಯವಿಟ್ಟು, ಸುತ್ತ ಆರು ಆರ್ಕ್ ಎಳೆದು, 10, 20, 30ರ ದೂರದಲ್ಲಿ ಪ್ರತಿ ಆರ್ಕ್‌ಗೆ ಬೀಮ್‌ನ ಎಷ್ಟು ದಾಳ ಬರುತ್ತದೆಂದು ಬರೆಯಿರಿ. ನನ್ನದರಲ್ಲಿ ಮುಂದೆ 10, 5, 0. ಹಿಂದಿನ ಆರ್ಕ್ ಪೂರ್ತಿ ಸೊನ್ನೆ. ಆ ಸೊನ್ನೆಯನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ: ಮುಖ್ಯ ಎಂಜಿನ್ ಬಳಸಿದ ಸುತ್ತಿನಲ್ಲಿ ಹಿಂದಕ್ಕೆ ಹೊಡೆಯಲು ಹೇಗೂ ನಿಯಮ ಬಿಡುವುದಿಲ್ಲ.