ಟ್ಯಾಂಕಿನಲ್ಲಿ ಎಷ್ಟು ನಿಮಿಷ ಇದೆ?

ಮಹಾರಾಷ್ಟ್ರದ ಬಾರಾಮತಿಯಿಂದ ನೇರ ದಕ್ಷಿಣಕ್ಕೆ ಹಾರಿದರೆ ಬೆಳಗಾವಿ ಸುಮಾರು 140 ನಾಟಿಕಲ್ ಮೈಲಿ, ಅಂದರೆ ಹೆಚ್ಚುಕಮ್ಮಿ 260 ಕಿಲೋಮೀಟರ್. ಬಾರಾಮತಿಯಲ್ಲಿ ಹಾರಾಟ ಕಲಿಯುವ ನಮ್ಮ ಕನ್ನಡದ ಹುಡುಗರು, "ಸರ್, ಸೆಸ್ನಾ 152ರಲ್ಲಿ ಊರ ಕಡೆ ಹೋಗಿಬರಬಹುದಾ?" ಎಂದು ಎರಡು ಸೀಟಿನ ತರಬೇತಿ ವಿಮಾನದ ಬಗ್ಗೆ ಕೇಳುತ್ತಾರೆ. ಹೋಗಬಹುದು. ಮೊದಲು ಪೆನ್ನು, ಕಾಗದ ತೆಗೆದುಕೊಳ್ಳಿ.

ಗಾಳಿಯಿಂದ ಶುರು ಮಾಡಿ. ವಿಮಾನದ ವೇಗ 95 ನಾಟ್, ಅಂದರೆ ಗಂಟೆಗೆ 95 ನಾಟಿಕಲ್ ಮೈಲಿ ಎಂದಿಟ್ಟುಕೊಳ್ಳೋಣ. ಗಾಳಿ ಇಲ್ಲದಿದ್ದರೆ 88 ನಿಮಿಷದ ದಾರಿ. ಎದುರುಗಾಳಿ 20 ನಾಟ್ ಇದ್ದರೆ ಅದೇ ದಾರಿಗೆ 112 ನಿಮಿಷ ಬೇಕು. ಈ 24 ನಿಮಿಷವನ್ನು ಮರೆಯುವವರೇ ಜಾಸ್ತಿ.

ಈಗ ಲೀಟರ್ ಲೆಕ್ಕ. ಗಂಟೆಗೆ 23 ಲೀಟರ್ ಹಿಡಿದರೆ ದಾರಿಗೆ 43. ಟ್ಯಾಕ್ಸಿ ಮಾಡಲು (ರನ್‌ವೇವರೆಗೆ ನೆಲದ ಮೇಲೆ ಸಾಗಲು), ಮೇಲೇರಲು 5. ಬೆಳಗಾವಿಯಲ್ಲಿ ಇಳಿಯಲಾಗದಿದ್ದರೆ ಹುಬ್ಬಳ್ಳಿಗೆ ಹೋಗಲು 10. ಹೊರಗೆ ಕಣ್ಣಿಂದ ನೋಡಿಕೊಂಡು ಹಾರುವವರಿಗೆ ಹಗಲಿಗೆ 30 ನಿಮಿಷ, ರಾತ್ರಿಗೆ 45 ನಿಮಿಷದ ಮೀಸಲು ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ನಾನಂತೂ ಪೂರ್ತಿ ಒಂದು ಗಂಟೆ ಇಡಿಸುತ್ತೇನೆ. ಅದಕ್ಕೆ 23. ಒಟ್ಟು 81 ಲೀಟರ್. ಈ ವಿಮಾನದ ಮಾಮೂಲಿ ಟ್ಯಾಂಕ್ ತುಂಬಿದ್ದರೆ ಬಳಸಲು ಸಿಗುವುದು ಸುಮಾರು 92. ತಳದಲ್ಲಿ ಉಳಿಯುವ ಸ್ವಲ್ಪ ಇಂಧನ ಎಂಜಿನ್‌ಗೆ ಸಿಗುವುದಿಲ್ಲ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಮಿಕ್ಸ್ಚರ್ ಲೀನ್ ಮಾಡದೆ, ಅಂದರೆ ಗಾಳಿಗೆ ಬೆರೆಯುವ ಇಂಧನ ಕಡಿಮೆ ಮಾಡದೆ ಹಾರಿದರೆ ಕೈಪಿಡಿಯ ಅಂಕಿಗಿಂತ ಜಾಸ್ತಿ ಖರ್ಚಾಗುತ್ತದೆ.

ಅಳತೆಯ ಮಾನ ಎರಡು ಸಲ ನೋಡಿ. ಅಮೆರಿಕದ ಕೈಪಿಡಿ ಗ್ಯಾಲನ್‌ನಲ್ಲಿರುತ್ತದೆ, ನಮ್ಮಲ್ಲಿ ತುಂಬುವುದು ಲೀಟರ್‌ನಲ್ಲಿ, ತೂಕದ ಲೆಕ್ಕ ಕಿಲೋದಲ್ಲಿ. ಒಂದು ಗ್ಯಾಲನ್ 3.785 ಲೀಟರ್, ಒಂದು ಲೀಟರ್ ಆವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಸುಮಾರು 0.72 ಕಿಲೋ. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನದಲ್ಲಿ ಪೌಂಡ್ ಮತ್ತು ಕಿಲೋ ಅದಲುಬದಲಾಗಿ, ಬೇಕಾದ ಇಂಧನದಲ್ಲಿ ಅರ್ಧವೂ ಇರಲಿಲ್ಲ. ಎರಡೂ ಎಂಜಿನ್ ಆಕಾಶದಲ್ಲೇ ನಿಂತವು. ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇಯಲ್ಲಿ ಅದನ್ನು ತೇಲಿಸಿ ಇಳಿಸಿದರು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾಯಿತು, ಅಲ್ವಾ?

ಆಮೇಲೆ ರೆಕ್ಕೆ ಹತ್ತಿರ ಹೋಗಿ, ಟ್ಯಾಂಕಿನ ಮುಚ್ಚಳ ತೆಗೆದು ಡಿಪ್‌ಸ್ಟಿಕ್ (ಅಳತೆ ಕಡ್ಡಿ) ಅದ್ದಿ. ಗೇಜ್ ನಂಬಬೇಡಿ. ಒಮ್ಮೆ ನನಗೆ "ಫುಲ್ ಇದೆ" ಎಂದು ಹೇಳಿದ್ದರು. ಅದ್ದಿ ನೋಡಿದರೆ ಅರ್ಧಕ್ಕಿಂತ ತುಸು ಮೇಲೆ. ಅಂದು ಕೈ ನಡುಗಿದ್ದು ಇನ್ನೂ ನೆನಪಿದೆ. ತಳದಿಂದ ಸ್ವಲ್ಪ ಇಂಧನ ಬಸಿದೂ ನೋಡಿ. 100ಎಲ್‌ಎಲ್ ದರ್ಜೆಯ ಆವ್‌ಗ್ಯಾಸ್ ತಿಳಿನೀಲಿ. ನೀರಿದ್ದರೆ ಅಡಿಯಲ್ಲಿ ಬಣ್ಣವಿಲ್ಲದೆ ನಿಲ್ಲುತ್ತದೆ. ಹೋಗುವ ಊರಿನಲ್ಲಿ ಆವ್‌ಗ್ಯಾಸ್ ಸಿಗುತ್ತದಾ ಎಂದು ಫೋನ್ ಮಾಡಿ ಕೇಳಿ. ಜೆಟ್ ಇಂಧನ ಸಿಗುವ ಎಲ್ಲ ಕಡೆ ಅದು ಸಿಗುವುದಿಲ್ಲ.

ಹೊರಟ ಸಮಯ ಬರೆದುಕೊಳ್ಳಿ. ಇಷ್ಟು ಗಂಟೆಗೆ ಎಲ್ಲಿದ್ದರೂ ಇಳಿದೇ ಇಳಿಯುತ್ತೇನೆ ಎಂದು ನೆಲದ ಮೇಲೇ ತೀರ್ಮಾನಿಸಿ. ಇಳಿಯುವ ಮೊದಲು ನಿಯಮದ ಮೀಸಲಿಗೇ ಕೈ ಬೀಳುತ್ತದೆ ಎಂದು ಲೆಕ್ಕ ಹೇಳಿದ ಕೂಡಲೇ ರೇಡಿಯೊದಲ್ಲಿ "ಮೇಡೇ ಫ್ಯುಯೆಲ್" (ಇಂಧನದ ತುರ್ತು ಕರೆ) ಎನ್ನಿ. ನಾಚಿಕೆ ಬೇಡ. ಎಂಜಿನ್ ಓಡುತ್ತಿರುವಾಗಲೇ ಜಾಗ ಆರಿಸಿ ಇಳಿಯುವುದು ಎಷ್ಟೋ ಸುರಕ್ಷಿತ.

ಎಂಜಿನ್ ನಿಂತೇಬಿಟ್ಟರೆ ಮೊದಲು 60 ನಾಟ್ ವೇಗ ಹಿಡಿಯಿರಿ. ನೆಲದಿಂದ 3,000 ಅಡಿ ಎತ್ತರವಿದ್ದರೆ ಗಾಳಿಯಿಲ್ಲದಾಗ ಹೆಚ್ಚುಕಮ್ಮಿ 8 ಕಿಲೋಮೀಟರ್ ತೇಲಬಹುದು. ಜಾಗ ಹುಡುಕಿ. ಬಾರಾಮತಿ ಸುತ್ತ ಕಬ್ಬಿನ ಗದ್ದೆ ಮೇಲಿನಿಂದ ಮೆತ್ತಗೆ ಕಾಣುತ್ತದೆ, ಆದರೆ ಆಳೆತ್ತರದ ಬೆಳೆ ಚಕ್ರವನ್ನು ಹಿಡಿದು ವಿಮಾನವನ್ನು ಮಗುಚಬಹುದು. ಕಟಾವಾದ ಹೊಲ ಒಳ್ಳೆಯದು. ಸಾಲುಗಳ ಉದ್ದಕ್ಕೇ ಇಳಿಯಿರಿ. ವಿದ್ಯುತ್ ತಂತಿ ಕಣ್ಣಿಗೆ ಬೀಳುವುದಿಲ್ಲ, ಕಂಬ ನೋಡಿ. ಎತ್ತರ ಉಳಿದಿದ್ದರೆ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ), ಇಂಧನದ ವಾಲ್ವ್, ಮಿಕ್ಸ್ಚರ್, ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ನೋಡಿ ಮತ್ತೆ ಶುರು ಮಾಡಲು ಪ್ರಯತ್ನಿಸಿ. ಆಗದಿದ್ದರೆ ಇಂಧನ, ಮ್ಯಾಗ್ನೆಟೊ ಎರಡನ್ನೂ ಬಂದ್ ಮಾಡಿ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಕರೆಂಟಿನಿಂದ ಇಳಿಯುತ್ತದೆ, ಹಾಗಾಗಿ ಕರೆಂಟಿನ ಮಾಸ್ಟರ್ ಸ್ವಿಚ್ ಅದಾದ ಮೇಲೇ ಆಫ್. ನೆಲ ಮುಟ್ಟುವ ಮೊದಲು ಬಾಗಿಲ ಚಿಲಕ ತೆಗೆದಿಡಿ. ಪೆಟ್ಟು ಬಿದ್ದು ಚೌಕಟ್ಟು ಸೊಟ್ಟಗಾದರೆ ಆಮೇಲೆ ಬಾಗಿಲು ತೆರೆಯಲಿಕ್ಕಿಲ್ಲ.