ಮೀನಿನ ಪಿಕಪ್ಪಿಗೆ ನಾಬ್ ಶಾಕ್ ಹಾಕಿದ್ದು: ನನ್ನ ಅನುಭವ

"ನಾಬ್ ಶಾಕ್ ಎಲ್ಲ ಶೋಕಿಗೆ ಜೀಪ್ ಇಟ್ಟವರಿಗೆ ಮಾರಾಯಾ. ಲೋಡು ಹೊಡೆಯೋ ಗಾಡಿಗೆ ಪಾಟಾ ಗಟ್ಟಿ ಇದ್ದರೆ ಸಾಕು." ಕಾರವಾರದ ಬೈತಕೋಲ್ ಬಂದರಿನಲ್ಲಿ ಐಸ್ ತುಂಬಿಸುತ್ತಾ ನಿಂತಾಗ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಾಟಾ ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಯ ಸ್ಪ್ರಿಂಗ್, ಶಾಕ್ ಅಂದರೆ ಅದರ ಕುಣಿತ ಹಿಡಿಯುವ ಶಾಕ್ ಅಬ್ಸಾರ್ಬರ್. ಹೇಳಿದವರೆಲ್ಲ ನನಗಿಂತ ಜಾಸ್ತಿ ವರ್ಷ ಗಾಡಿ ಓಡಿಸಿದವರು. ಆದರೂ ಎರಡು ಸೀಸನ್ ಓಡಿಸಿ ನೋಡಿದ ಮೇಲೆ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ನನ್ನ ಪಿಕಪ್ಪಿನ ನಾಲ್ಕೂ ಶಾಕ್ ನಾಬ್ ತಿರುಗಿಸಿ ಗಟ್ಟಿ, ಮೆದು ಮಾಡುವಂಥವು. ಲೋಡ್ ಗಾಡಿಗೆ ಅದರ ಉಪಯೋಗ ಜೀಪಿಗಿಂತ ಹೆಚ್ಚು.

ಯಾಕೆ ಅಂದರೆ ನಮ್ಮ ಗಾಡಿಗೆ ಎರಡು ಜೀವ. ನನ್ನದು ಅಂಕೋಲಾ. ಕಾರವಾರದಲ್ಲೋ ತದಡಿಯಲ್ಲೋ ಮೀನು ತುಂಬಿ, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗೆ ಹಾಕುವುದು ಕೆಲಸ. ಹೋಗುವಾಗ ಐಸು, ನೀರು ಎಲ್ಲ ಸೇರಿ ಒಂದೂವರೆ ಟನ್ನಿನ ಹತ್ತಿರ. ಬರುವಾಗ ಖಾಲಿ ಕ್ರೇಟು. ಒಂದೇ ಶಾಕ್ ಎರಡಕ್ಕೂ ಸರಿ ಆಗಬೇಕು ಅಂದರೆ ಹೇಗೆ? ತುಂಬಿದಾಗ ತೂಗಾಡುತ್ತದೆ, ಖಾಲಿ ಇದ್ದಾಗ ಕುಣಿಯುತ್ತದೆ. ತಾರ್ಲೆ (ಬೂತಾಯಿ ಮೀನು) ತುಂಬಿದ ದಿನವಂತೂ ಕುಣಿತದ ಲೆಕ್ಕ ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಮೇಲಿನ ಬಾಕ್ಸ್ ಚೆನ್ನಾಗೇ ಇರುತ್ತದೆ. ತಳದ ಬಾಕ್ಸ್ ತೆಗೆದರೆ ಹೊಟ್ಟೆ ಒಡೆದ ಮೀನು, ಕೆಂಪು ನೀರು. ತಗೊಳ್ಳುವವರು ಮಾತಾಡದೆ ರೇಟು ಮುರಿಯುತ್ತಾರೆ.

ಮೊದಲು ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಹಿಂದೆ ಎರಡೂ ಕಡೆ ಒಂದೊಂದು ಪಾಟಾ ಸೇರಿಸಿದೆ. ಕೂಲಿ ಸೇರಿ ಐದೂವರೆ ಸಾವಿರ ಆಗಿರಬೇಕು. ಲೋಡಿನಲ್ಲಿ ಗಾಡಿ ಎತ್ತರಕ್ಕೆ ನಿಂತಿತು, ಖುಷಿಯಾಯಿತು. ಖಾಲಿ ಬರುವಾಗ ಗೊತ್ತಾಯಿತು ತಪ್ಪು ಏನು ಅಂತ. ಟ್ರೇ ಕೆಳಗಿನ ವೆಲ್ಡಿಂಗ್ ಮೂರು ಕಡೆ ಬಿರುಕು ಬಿಟ್ಟಿತು. ಹಿಂದಿನ ಬಲ್ಬು ತಿಂಗಳಿಗೆ ಎರಡು ಹೋಗುತ್ತಿದ್ದವು. ಆಗಸ್ಟ್ ಮಳೆಯಲ್ಲಿ ಒಂದು ದಿನ ಅರಬೈಲ್ ಇಳಿಯುತ್ತಿದ್ದೆ. ತಿರುವಿನಲ್ಲಿ ಹಿಂದಿನ ಚಕ್ರ ಗುಂಡಿಗೆ ಬಿದ್ದು ಎದ್ದು ನೆಲ ಬಿಟ್ಟಿತು. ಅದೇ ಹೊತ್ತಿಗೆ ಬ್ರೇಕ್ ಒತ್ತಿದ್ದೆ. ಗಾಡಿಯ ಬೆನ್ನು ಸರ್ರನೆ ಎಡಕ್ಕೆ ಜಾರಿತು. ಎದುರಿಗೆ ಲಾರಿ ಬರುತ್ತಿತ್ತು. ಆ ಡ್ರೈವರಣ್ಣ ಬದಿಗೆ ಹಿಡಿದು ನಿಲ್ಲಿಸಿದ್ದಕ್ಕೆ ಬದುಕಿದೆ. ಮಾರನೇ ದಿನವೇ ಆ ಪಾಟಾ ಬಿಚ್ಚಿಸಿ ಹಾಕಿದೆ.

ಆಮೇಲೆ ನಾಲ್ಕು ಹೊಸ ಸಾದಾ ಶಾಕ್. ಏಳು ಸಾವಿರ ಚಿಲ್ಲರೆ. ನಾಲ್ಕೈದು ತಿಂಗಳು ಚೆನ್ನಾಗಿತ್ತು. ಅಷ್ಟರಲ್ಲಿ ಹಿಂದಿನವು ಸತ್ತವು. ಘಟ್ಟ ಹತ್ತಿ ಇಡಗುಂದಿಯಲ್ಲಿ ನಿಲ್ಲಿಸಿ, ಕೈಯ ಹಿಂಬದಿ ತಾಗಿಸಿ ನೋಡುವುದು ನನ್ನ ರೂಢಿ. ಕೆಲಸ ಮಾಡುವ ಶಾಕ್ ಬಿಸಿ ಇರುತ್ತದೆ, ಸತ್ತದ್ದು ತಣ್ಣಗೆ. ಎರಡೂ ತಣ್ಣಗಿದ್ದವು.

ಆಗ ತಲೆಗೆ ಹೊಕ್ಕಿದ್ದು ಈ ನಾಬ್ ಶಾಕ್. ಒಂಬತ್ತು ಕ್ಲಿಕ್ಕಿನವು. ಒಂದರಲ್ಲಿ ಮೆದು, ಒಂಬತ್ತರಲ್ಲಿ ಗಟ್ಟಿ. ನನ್ನ ಗಾಡಿಗೆಂದೇ ಮಾಡಿದ್ದು ಎಲ್ಲೂ ಸಿಗಲಿಲ್ಲ. ಅಂಗಡಿಯವನೊಬ್ಬ "ಕೂರುತ್ತೆ ಅಣ್ಣಾ, ಬುಷ್ ಬದಲಿಸಿದರೆ ಆಯ್ತು" ಅಂದ. ನಂಬಿ ಹಿಂದಿನ ಜೋಡಿಗೆ 19 ಸಾವಿರ ಕೊಟ್ಟೆ. ಮನೆಯಲ್ಲಿ ಹೇಳಿದ್ದು 9 ಸಾವಿರ. ಹಾಕಿದ ಹತ್ತನೇ ದಿನ, ಫುಲ್ ಲೋಡು, ಹೈವೇ ಹಂಪಿನ ಮೇಲೆ ದಡ್ ಅಂತ ಸದ್ದು. ಇಳಿದು ನೋಡಿದರೆ ಎಡಗಡೆ ಶಾಕಿನ ಕೆಳಗಿನ ಕಣ್ಣು (ಬೋಲ್ಟ್ ಕೂರುವ ಬಳೆ) ವೆಲ್ಡಿಂಗಿನಿಂದ ಕಿತ್ತು ಬಂದಿದೆ, ರಾಡು ಬಗ್ಗಿದೆ. ಶಾಕ್ ಉದ್ದ ಜಾಸ್ತಿ ಇತ್ತು. ಆಕ್ಸಲ್ ಹೋಗಿ ಬಂಪ್ ಸ್ಟಾಪಿಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ತಾಗುವ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಂಡು, ಇಡೀ ಪೆಟ್ಟು ಅದರ ಮೇಲೇ ಬಿದ್ದಿತ್ತು. ತಪ್ಪು ಶಾಕಿನದಲ್ಲ, ಅಳತೆ ತೆಗೆಯದ ನನ್ನದು. ಉಳಿದ ಒಂದನ್ನು ನಾಲ್ಕು ಸಾವಿರಕ್ಕೆ ಮಾರಿದೆ.

ಮುಂದಿನ ಜೂನ್‌ವರೆಗೆ ಕಾದೆ. ಜೂನ್, ಜುಲೈ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಗಾಡಿಯೂ ಅಂಗಳದಲ್ಲೇ. ಈ ಸಲ ಅಳತೆಗೆ ಎರಡು ದಿನ ಕೊಟ್ಟೆ. ಭಾವನ ಮನೆ ಕಟ್ಟಲು ತಂದಿಟ್ಟ ಚಿರೇಕಲ್ಲು ಇತ್ತು. ಅದರಲ್ಲಿ 40 ಕಲ್ಲು ಟ್ರೇಗೆ ಏರಿಸಿದೆ. ಒಂದು ಕಲ್ಲು ಮೂವತ್ತು ಕೆಜಿ ಹಿಡಿದರೂ 1,200 ಕೆಜಿ. ಮಳೆಗೆ ಮೊದಲು ಮುಗಿಸಬೇಕಿತ್ತು, ನಾನೂ ತಮ್ಮನೂ ಇಬ್ಬರೇ ಏರಿಸಿದೆವು. ಲೋಡು ಕೂತ ಮೇಲೆ ಕಣ್ಣಿಂದ ಕಣ್ಣಿಗೆ ಟೇಪ್ ಹಿಡಿದೆ. ಅದರಿಂದ ಆಕ್ಸಲಿಗೂ ಬಂಪ್ ಸ್ಟಾಪಿಗೂ ನಡುವಿನ ಗ್ಯಾಪ್ ಕಳೆದೆ. ಹಿಂದಿನ ಶಾಕಿಗೆ ನನಗೆ 14 ಇಂಚಿನ ಹತ್ತಿರ ಬಂತು. ಶಾಕ್ ಓರೆಯಾಗಿ ಕೂತಿರುವುದರಿಂದ ನಿಜವಾಗಿ ಅಷ್ಟು ಮುಚ್ಚುವುದಿಲ್ಲ. ಇರಲಿ, ಲೆಕ್ಕ ನಮ್ಮ ಕಡೆಗೇ ಇದ್ದರೆ ಒಳ್ಳೆಯದು. ಅದಕ್ಕಿಂತ ಇನ್ನೊಂದು ಇಂಚು ಗಿಡ್ಡ ಮುಚ್ಚುವ ಶಾಕ್ ಬೇಕು. ಆಮೇಲೆ ಕಲ್ಲು ಇಳಿಸಿ, ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ ಜೋತು ಬಿಡಿಸಿ ಇನ್ನೊಂದು ಅಳತೆ. ಶಾಕ್ ಪೂರ್ತಿ ತೆರೆದಾಗ ಅದಕ್ಕಿಂತ ಉದ್ದ ಇರಬೇಕು. ಇಲ್ಲವಾದರೆ ಜೋತು ಬಿದ್ದ ಆಕ್ಸಲಿನ ಭಾರವನ್ನೆಲ್ಲ ಶಾಕೇ ಎಳೆದು ಹಿಡಿಯಬೇಕಾಗುತ್ತದೆ.

ಈ ಎರಡು ಅಂಕಿ ಕೈಯಲ್ಲಿ ಹಿಡಿದು ಹುಡುಕಿದರೆ ಬೇರೆ ಗಾಡಿಯ ಶಾಕ್ ತಾನಾಗೇ ಸಿಗುತ್ತದೆ. ಯಾವ ಗಾಡಿಯದು ಅಂತ ಇಲ್ಲಿ ಬರೆಯಲ್ಲ. ನಿಮ್ಮ ಅಳತೆ ನೀವೇ ತೆಗೆಯಿರಿ, ನನ್ನದು ನಿಮಗೆ ಕೂರಬೇಕೆಂದಿಲ್ಲ. ನಾಲ್ಕಕ್ಕೂ ಕೊರಿಯರ್ ಸೇರಿ 46 ಸಾವಿರ ಬಿತ್ತು. ಕಣ್ಣಿನ ತೂತು ದೊಡ್ಡದಿತ್ತು, ಲೇತಿನಲ್ಲಿ ಸ್ಲೀವ್ ಮಾಡಿಸಿದೆ, ಎರಡು ಸಾವಿರದ ಮೇಲೆ ಸ್ವಲ್ಪ. ಮೊದಲ ಸ್ಲೀವ್ ಸಡಿಲ, ಕಟಕಟ ಸದ್ದು. ಎರಡನೇ ಸಲ ಸರಿಯಾಯಿತು. ಹಳೆಯ ಬೋಲ್ಟ್ ಉಪ್ಪು ನೀರಿಗೆ ಸವೆದು ಹೋಗಿತ್ತು. ಪಾನಾ ಹಾಕಿದರೆ ತಲೆ ಉರುಟಾಯಿತು, ಗ್ಯಾಸ್ ಕಟಿಂಗ್ ಮಾಡಿಸಿದೆ. ಹೊಸ ಬೋಲ್ಟನ್ನು ಗಾಡಿ ನೆಲಕ್ಕೆ ಇಳಿದು ತನ್ನ ಎತ್ತರಕ್ಕೆ ಕೂತ ಮೇಲೇ ಪೂರ್ತಿ ಬಿಗಿ ಮಾಡಿ. ಗಾಳಿಯಲ್ಲಿ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಗಸ್ಟ್ ಮೊದಲ ಟ್ರಿಪ್. ಲೋಡು ಅಂತ ನಾಲ್ಕೂ ಒಂಬತ್ತಕ್ಕೆ ತಿರುಗಿಸಿದೆ. ಸುಂಕಸಾಳದವರೆಗೆ ಕಾರಿನ ಹಾಗೆ ಹೋಯಿತು. ಯಲ್ಲಾಪುರ ದಾಟಿದ ಮೇಲೆ ಸಾಲು ಗುಂಡಿ ಸಿಕ್ಕಿತು ನೋಡಿ, ಮೂರನೇ ಗುಂಡಿಯಿಂದ ಹಿಂದೆ ದಡದಡ ತಾಗಲು ಶುರು. ಪಾಟಾ ಮುರಿಯಿತು ಅಂತಲೇ ಇಳಿದೆ. ಏನೂ ಆಗಿರಲಿಲ್ಲ. ರಸ್ತೆ ಬದಿ ಕೂತು ಯೋಚಿಸಿದ ಮೇಲೆ ಹೊಳೆಯಿತು. ಶಾಕ್ ಅಷ್ಟು ಗಟ್ಟಿ ಇದ್ದರೆ ಒತ್ತಿಹೋದ ಪಾಟಾ ವಾಪಸ್ ಏಳಲು ಟೈಮ್ ಸಿಗುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಗುಂಡಿ. ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿದಿಳಿದು ಬಂಪ್ ಸ್ಟಾಪಿಗೆ ಕೂರುತ್ತದೆ. ಭಾರ ಹೊರುವುದು ಪಾಟಾದ ಕೆಲಸ. ಶಾಕ್ ಭಾರ ಹೊರುವುದಿಲ್ಲ, ಕುಣಿತ ಹಿಡಿಯುತ್ತದೆ ಅಷ್ಟೇ. ಇದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ಲೋಡು ಅಂದ ಕೂಡಲೇ ಕೈ ಗಟ್ಟಿ ಕಡೆಗೇ ಹೋಗುತ್ತದೆ.

ಅಲ್ಲಿಂದ ಬಕೆಟ್ ಪರೀಕ್ಷೆ ಶುರು ಮಾಡಿದೆ. ಹಿಂದಿನ ಆಕ್ಸಲಿನ ಮೇಲೆ, ಕ್ರೇಟಿನ ನಡುವೆ ಒಂದು ಬಕೆಟ್ ನೀರು. ಕಂಠಕ್ಕಿಂತ ಎರಡು ಬೆರಳು ಕೆಳಗೆ ಗುರುತು. ಘಟ್ಟದ ಕೆಳಗಿನ ರಾಮನಗುಳಿಯಲ್ಲಿ ತುಂಬಿಸುವುದು, ಯಲ್ಲಾಪುರದಲ್ಲಿ ಎಷ್ಟು ಬೆರಳು ಇಳಿದಿದೆ ನೋಡುವುದು. ಪ್ರತಿ ಟ್ರಿಪ್ಪಿಗೆ ಒಂದೇ ಕ್ಲಿಕ್ ಬದಲಾವಣೆ. ನನ್ನ ಜೊತೆ ಬರುವ ಹುಡುಗ ಮೊದಮೊದಲು ನಕ್ಕ. ಆಮೇಲೆ ಅವನೇ "ಅಣ್ಣಾ, ಇವತ್ತು ಒಂದೂವರೆ ಬೆರಳು" ಅಂತ ಕೂಗುತ್ತಿದ್ದ. ಸುಮಾರು ಹದಿನೈದು ಟ್ರಿಪ್ ಹೀಗೆ ಹೋಯಿತು. ಒಂಬತ್ತರಲ್ಲಿ ಅರ್ಧ ಬಕೆಟ್ ಖಾಲಿ. ಹಿಂದೆ ಆರು, ಮುಂದೆ ಐದು ಇಟ್ಟ ದಿನ ಒಂದು ಬೆರಳೂ ಇಳಿಯಲಿಲ್ಲ.

ಖಾಲಿ ಬರುವಾಗ ಹಿಂದೆ ಎರಡು, ಮುಂದೆ ನಾಲ್ಕು. ಮುಂದಿನದನ್ನು ಜಾಸ್ತಿ ಮುಟ್ಟಬೇಡಿ. ಎಂಜಿನ್ ಭಾರ ಲೋಡಿದ್ದರೂ ಇಲ್ಲದಿದ್ದರೂ ಅಲ್ಲೇ ಇರುತ್ತದೆ ಅಲ್ವಾ? ಹುಬ್ಬಳ್ಳಿಯಲ್ಲಿ ಮೀನು ಇಳಿಸುವಾಗ ಕೆಳಗೆ ತೂರಿ ನಾಬ್ ತಿರುಗಿಸಲು ಎರಡು ನಿಮಿಷ ಸಾಕು. ಮಳೆಯಲ್ಲಿ ಘಟ್ಟ ಇಳಿಯುವಾಗ ಹಿಂದಿನ ಚಕ್ರ ಈಗ ನೆಲ ಬಿಡುವುದಿಲ್ಲ. ಅದೊಂದಕ್ಕೇ ಇಷ್ಟು ದುಡ್ಡು ಕೊಡಬಹುದು ಅಂತ ನಾನು ಹೇಳುತ್ತೇನೆ.

ನವೆಂಬರ್ ಹೊತ್ತಿಗೆ ಕ್ಲಿಕ್ ಬದಲಿಸಿದರೂ ವ್ಯತ್ಯಾಸ ಗೊತ್ತಾಗದ ಹಾಗಾಯಿತು. ಶಾಕ್ ಹೋಯಿತಾ ಅಂತ ಹೆದರಿದೆ. ಕೈ ತಾಗಿಸಿದರೆ ಬಿಸಿ ಇತ್ತು, ಆದರೆ ಮೊದಲಿನಷ್ಟಲ್ಲ. ಕಾರಣ ಪಾಟಾ. ಐಸ್ ಕರಗಿದ ಉಪ್ಪು ನೀರು ಸೋರಿ ಪಾಟಾ ನಡುವೆ ತುಕ್ಕು ಕಟ್ಟಿ, ಎಲ್ಲ ಸೇರಿ ಒಂದೇ ಹಲಗೆ ಆಗಿತ್ತು. ಪಾಟಾನೇ ಅಲುಗದಿದ್ದರೆ ಶಾಕ್ ಯಾವ ಕೆಲಸ ಮಾಡಬೇಕು? ಬಿಚ್ಚಿಸಿ, ಬ್ರಷ್ ಹೊಡೆದು, ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿಸಿದೆ. ಮಾರನೇ ದಿನ ಗಾಡಿ ಹೊಸದಾಗಿತ್ತು. ಇದು ಸಾದಾ ಶಾಕ್ ಇದ್ದವರೂ ಮಾಡಬೇಕಾದ ಕೆಲಸ. ಇನ್ನೂರು ಮುನ್ನೂರರ ಗ್ರೀಸ್, ಅರ್ಧ ದಿನದ ಕೂಲಿ. ನಾನೀಗ ಪ್ರತಿ ಟ್ರಿಪ್ ಮುಗಿದ ಮೇಲೆ ಮನೆಯ ಬಾವಿ ನೀರಿನಲ್ಲಿ ಗಾಡಿಯ ಕೆಳಭಾಗ ತೊಳೆದೇ ಮಲಗುವುದು.

ನಾಬೂ ಇದೇ ಉಪ್ಪಿಗೆ ಜಾಮ್ ಆಯಿತು. ಎಡ ಹಿಂದಿನದು ಆರರಲ್ಲೇ ಸಿಕ್ಕಿಕೊಂಡಿತ್ತು. ಇಕ್ಕಳ ಹಾಕಿ ತಿರುಗಿಸಿದ್ದೇ ತಪ್ಪು, ಪ್ಲಾಸ್ಟಿಕ್ ಅಂಚು ಮುರಿಯಿತು. ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸಿದ ಮೇಲೆ ಬೆರಳಿಗೆ ತಿರುಗಿತು. ಈಗ ನಾಬಿಗೆ ಒಂದು ಟೊಪ್ಪಿಗೆ ಮಾಡಿ ಹಾಕಿದ್ದೇನೆ, ವರ್ಷವಾದರೂ ಜಾಮ್ ಆಗಿಲ್ಲ. ಅದು ಯಾವುದರಿಂದ ಮಾಡಿದ್ದು ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಮೀನಿನವರ ಮನೆಯಲ್ಲೇ ಸಿಗುವ ವಸ್ತು ಅಂತ ಮಾತ್ರ ಹೇಳಬಲ್ಲೆ.

ಇನ್ನು ದುಡ್ಡು. ಮುರಿದ ಜೋಡಿಯ ನಷ್ಟ 15 ಸಾವಿರ, ಹೊಸ ನಾಲ್ಕಕ್ಕೆ 46, ಲೇತು, ಬೋಲ್ಟ್, ಗ್ಯಾಸ್ ಎಲ್ಲ ಸೇರಿ ಐದು. ಒಟ್ಟು 66 ಸಾವಿರದ ಸುತ್ತ. ತಾರ್ಲೆ ಟ್ರಿಪ್ಪಿನಲ್ಲಿ ಮೊದಲು ಐನೂರರಿಂದ ಏಳುನೂರು ಕಟ್ ಆಗುತ್ತಿತ್ತು. ಈಗ ಇನ್ನೂರು ದಾಟಿದ್ದು ನೆನಪಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಅಂಥ ಟ್ರಿಪ್. ಟೈರು ಮೊದಲು 30 ಸಾವಿರ ಕಿಲೋಮೀಟರಿಗೆ ಅಲ್ಲಲ್ಲಿ ಗುಳಿ ಬಿದ್ದು ಸವೆಯುತ್ತಿತ್ತು. ಈ ಸೆಟ್ 40 ದಾಟಿದೆ, ಸಮವಾಗಿ ಸವೆದಿದೆ. ಒಂದೂವರೆ ಸೀಸನ್ನಿನಲ್ಲಿ ನನ್ನ ದುಡ್ಡು ಬಂತು. ಮೇ ತಿಂಗಳಲ್ಲಿ ಕರಿ ಇಶಾಡು ಮಾವು ಎರಡು ಟ್ರಿಪ್ ಹೊಡೆದೆ. ಬಹಳ ಮೆತ್ತಗಿನ ಹಣ್ಣು. ಅದಕ್ಕೆ ಹಿಂದೆ ನಾಲ್ಕು ಇಟ್ಟೆ, ಬುಟ್ಟಿ ಕೆಳಗೆ ಹುಲ್ಲು ಜಾಸ್ತಿ ಹಾಕಿದೆ. ತೋಟದವರು ಮತ್ತೆ ನನಗೇ ಫೋನ್ ಮಾಡಿದರು.

ಶಿರಸಿಗೆ ದೇವಿಮನೆ ಘಟ್ಟದ ಮೇಲೆ ಹೋಗುವವರಿಗೆ ನನ್ನ ಕ್ಲಿಕ್ ನಂಬರ್ ಸರಿ ಆಗಲಿಕ್ಕಿಲ್ಲ. ಅಲ್ಲಿ ತಿರುವು ಒತ್ತೊತ್ತಾಗಿವೆ, ಗಾಡಿ ಬದಿಗೆ ವಾಲುವುದು ಜಾಸ್ತಿ. ನಾನು ಆ ಕಡೆ ಹೋದಾಗ ನಾಲ್ಕಕ್ಕೂ ಒಂದೊಂದು ಕ್ಲಿಕ್ ಏರಿಸುತ್ತೇನೆ. ಬಕೆಟ್ ಇಟ್ಟು ನೀವೇ ನೋಡಿಕೊಳ್ಳಿ.

ಹೋದ ವಾರ ತೊಳೆಯುವಾಗ ಬಲ ಹಿಂದಿನ ಶಾಕಿನ ಕುತ್ತಿಗೆ ಹತ್ತಿರ ಧೂಳು ಅಂಟಿದ್ದು ಕಂಡಿತು. ಒರೆಸಿದರೆ ಬೆರಳಿಗೆ ಎಣ್ಣೆ. ಇನ್ನೂ ಬಿಸಿ ಆಗುತ್ತಿದೆ, ಕೆಲಸ ಮಾಡುತ್ತಿದೆ. ಸೀಲ್ ಬದಲಿಸುವವರು ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ ಅಂತ ಕೇಳಿದ್ದೇನೆ. ಜೂನ್ 1ಕ್ಕೆ ಬಂದ್ ಶುರುವಾದ ಕೂಡಲೇ ಬಿಚ್ಚಿ ಒಯ್ಯುತ್ತೇನೆ. ಅಲ್ಲಿಯವರೆಗೆ ಆ ಕಡೆ ಒಂದು ಕ್ಲಿಕ್ ಹೆಚ್ಚಿಗೆ ಇಟ್ಟು ಓಡಿಸುತ್ತಿದ್ದೇನೆ.