ರಿಯೋ ಎಲೆಯಲ್ಲಿ ಪ್ಲಾಸ್ಮೋಲಿಸಿಸ್: ಸಿಪ್ಪೆ ತೆಗೆಯುವುದರಿಂದ ಚಿತ್ರ ಬರೆಯುವವರೆಗೆ

ಸಸ್ಯಕೋಶವನ್ನು ನೀರಿನಲ್ಲಿಟ್ಟು ನೋಡಿದರೆ ಕೋಶಭಿತ್ತಿ ಮತ್ತು ಕೋಶಪೊರೆ ಒಂದಕ್ಕೊಂದು ಒತ್ತಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಕಣ್ಣಾರೆ ಕಾಣಬೇಕಾದರೆ ಒಳಗಿನ ನೀರನ್ನು ಹೊರಗೆಳೆಯಬೇಕು. ಹೀಗೆ ನೀರು ಹೊರಹೋಗಿ ಪೊರೆ ಭಿತ್ತಿಯಿಂದ ಬಿಟ್ಟುಕೊಳ್ಳುವುದೇ ಪ್ಲಾಸ್ಮೋಲಿಸಿಸ್. ಪಿಯುಸಿ ಲ್ಯಾಬಿನ ಪ್ರಯೋಗ ಮಾಡುವುದು ಅಷ್ಟನ್ನೇ. ಕೆಲಸ ಸುಲಭದ್ದೇ. ಆದರೂ ಕೆಲವರು ಏನೂ ಕಾಣದೆ ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸಿಬಿಡುತ್ತಾರೆ. ಹಾಗಾಗುವುದಕ್ಕೆ ಹೆಚ್ಚಾಗಿ ದಪ್ಪ ಸಿಪ್ಪೆಯೋ ತಪ್ಪು ದ್ರಾವಣವೋ ಕಾರಣ.

ರಿಯೋ ಎಂಬ ಅಲಂಕಾರಿಕ ಗಿಡದ ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆ. ಕೆಳಹೊರಪದರದ ಕೋಶಗಳ ರಸದಾನಿಯಲ್ಲಿರುವ (ಕೋಶದೊಳಗಿನ ರಸ ತುಂಬಿದ ಚೀಲ) ಆಂಥೋಸಯನಿನ್ ಎಂಬ ವರ್ಣದ್ರವ್ಯದ ಬಣ್ಣವದು. ಹಾಗಾಗಿ ಬೇರೆ ಬಣ್ಣ ಹಾಕುವ ಅಗತ್ಯವಿಲ್ಲ. ಪೊರೆ ಎಲ್ಲಿಗೆ ಸರಿಯಿತು ಎಂಬುದನ್ನು ನೇರಳೆಯ ಅಂಚೇ ತೋರಿಸುತ್ತದೆ. 1880ರ ದಶಕದಲ್ಲಿ ಡಚ್ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ದ್ರಾವಣಗಳ ಅಭಿಸರಣಾ ಬಲವನ್ನು, ಅಂದರೆ ಪೊರೆಯ ಮೂಲಕ ನೀರನ್ನು ಸೆಳೆಯುವ ಶಕ್ತಿಯನ್ನು, ಹೋಲಿಸಲು ಬಳಸಿದ ಗಿಡಗಳಲ್ಲಿ ಇದೂ ಒಂದು. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಪದರದ ಹೊರಮೈಯಿಂದ ಎತ್ತಿದ ನೇರಳೆ ಸಿಪ್ಪೆ ಆಗುತ್ತದೆ. ಒಳಮೈಯ ಬಿಳಿ ಸಿಪ್ಪೆ ಸಲೀಸಾಗಿ ಬರುತ್ತದೆ ನಿಜ, ಆದರೆ ಬಣ್ಣವಿಲ್ಲದೆ ಪೊರೆಯ ಅಂಚು ಗುರುತಿಸುವುದು ಕಷ್ಟ.

ಆಗಷ್ಟೇ ಕಿತ್ತ, ಬಾಡದ ಎಲೆ ತೆಗೆದುಕೊಳ್ಳಿ. ನೇರಳೆ ಬದಿ ಮೇಲಾಗಿ ಹಿಡಿದು ಓರೆಯಾಗಿ ಹರಿಯಿರಿ. ಹರಿದ ಅಂಚಿನಲ್ಲಿ ತೆಳುವಾದ, ಪಾರದರ್ಶಕವಾದ ನಸುನೇರಳೆ ಸಿಪ್ಪೆಯೊಂದು ನೇತಾಡುತ್ತದೆ. ಬೇಕಾದ್ದು ಅದೇ. ಹಸಿರು ಛಾಯೆ ಕಂಡರೆ ಒಳಗಿನ ಅಂಗಾಂಶವೂ ಅಂಟಿಕೊಂಡು ಬಂದಿದೆ ಎಂದರ್ಥ. ಬಿಸಾಡಿ, ಮತ್ತೆ ಹರಿಯಿರಿ. ಸುಮಾರು 5 ಮಿ.ಮೀ. ಚೌಕದಷ್ಟನ್ನು ಬ್ಲೇಡಿನಿಂದ ಕತ್ತರಿಸಿ ಕೂಡಲೇ ವಾಚ್ ಗ್ಲಾಸಿನ ನೀರಿಗೆ ಹಾಕಿ. ಗಾಳಿಯಲ್ಲಿ ಬಿಟ್ಟರೆ ಸಿಪ್ಪೆ ಸುರುಳಿ ಸುತ್ತಿ ಒಣಗುತ್ತದೆ. ಈ ಎಲೆಯ ರಸ ಕೆಲವರಿಗೆ ತುರಿಕೆ ತರುತ್ತದೆ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ದ್ರಾವಣಕ್ಕೆ 5 ಗ್ರಾಂ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಉಪ್ಪಿನ ಬದಲು 5% ಸಕ್ಕರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಅಭಿಸರಣೆಯಲ್ಲಿ ಲೆಕ್ಕಕ್ಕೆ ಬರುವುದು ಕರಗಿದ ಕಣಗಳ ಸಂಖ್ಯೆ, ತೂಕವಲ್ಲ. ಸಕ್ಕರೆಯ ಒಂದು ಮೋಲ್ (ಕಣಗಳ ಒಂದು ನಿಗದಿತ ಸಂಖ್ಯೆ) 342 ಗ್ರಾಂ ತೂಗಿದರೆ ಉಪ್ಪಿನದು 58.5 ಗ್ರಾಂ, ಅದರ ಮೇಲೆ ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ. ಹೀಗಾಗಿ 5% ಉಪ್ಪುನೀರಿನ ಸೆಳೆತ 5% ಸಕ್ಕರೆನೀರಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಸಕ್ಕರೆಯನ್ನೇ ಬಳಸುವುದಾದರೆ 34 ಗ್ರಾಂ ಹಾಕಿ 100 ಮಿ.ಲೀ.ಗೆ ಏರಿಸಿ, ಅದು ಹೆಚ್ಚುಕಡಿಮೆ 1 ಮೋಲಾರ್ (ಲೀಟರಿಗೆ ಒಂದು ಮೋಲ್).

ಸಿಪ್ಪೆಯ ಹೊರಮೈ ಮೇಲಿರುವಂತೆ ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ. ಕವರ್‌ಸ್ಲಿಪ್ಪನ್ನು ಒಂದು ಬದಿಯಿಂದ ಓರೆಯಾಗಿ, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ಕಪ್ಪು ದಪ್ಪ ಅಂಚಿನ ದುಂಡು ಆಕಾರಗಳು ಕಂಡರೆ ಅವು ಗಾಳಿಗುಳ್ಳೆ. ಮೊದಲು 10x ಆಬ್ಜೆಕ್ಟಿವ್‌ನಲ್ಲಿ ನೋಡಿ: ಭಿತ್ತಿಯಿಂದ ಭಿತ್ತಿಗೆ ನೇರಳೆ ತುಂಬಿದ, ಬಹುತೇಕ ಆರು ಬದಿಯ ಕೋಶಗಳು, ನಡುನಡುವೆ ಹಸಿರು ಕಾವಲುಕೋಶಗಳ ಪತ್ರರಂಧ್ರಗಳು. ಒಂದು ಪತ್ರರಂಧ್ರವನ್ನು ಗುರುತಾಗಿಟ್ಟುಕೊಂಡು ಅದರ ಪಕ್ಕದ ಕೋಶಗಳನ್ನು ಬರೆದುಕೊಳ್ಳಿ. ಸಿಪ್ಪೆಯ ಅಂಚಿನ ಕೋಶಗಳು ಹರಿಯುವಾಗಲೇ ಸತ್ತಿರುತ್ತವೆ, ಅವುಗಳನ್ನು ನಂಬಬೇಡಿ.

ಈಗ ಸ್ಲೈಡನ್ನು ಕದಲಿಸದೆ ಕವರ್‌ಸ್ಲಿಪ್ಪಿನ ಒಂದು ಬದಿಗೆ ಎರಡು ಹನಿ ಉಪ್ಪುನೀರು ಬಿಟ್ಟು, ಎದುರು ಬದಿಯಲ್ಲಿ ಫಿಲ್ಟರ್ ಪೇಪರಿನ ತುಂಡು ತಾಗಿಸಿ. ನೀರು ಹೀರಿಹೋದಂತೆ ದ್ರಾವಣ ಒಳನುಗ್ಗುತ್ತದೆ. ಒಂದು ಸಲಕ್ಕೆ ನಿಲ್ಲಿಸಬೇಡಿ. ಮೊದಲ ಹನಿಗಳು ಒಳಗಿದ್ದ ನೀರಿನೊಂದಿಗೆ ಬೆರೆತು ತೆಳುವಾಗುತ್ತವೆ, ಆದ್ದರಿಂದ ಎರಡು ಮೂರು ಬಾರಿ ಹಾಯಿಸಿ. ಕೆಲವೇ ನಿಮಿಷದಲ್ಲಿ ನೇರಳೆ ಮೊದಲು ಮೂಲೆಗಳಿಂದ ಬಿಟ್ಟುಕೊಳ್ಳುತ್ತದೆ, ಆಮೇಲೆ ಬದಿಗಳಿಂದ, ಕೊನೆಗೆ ಗುಂಡಾಗಿ ಕೋಶದ ಒಂದೆಡೆ ನಿಲ್ಲುತ್ತದೆ. ಬಣ್ಣ ಮೊದಲಿಗಿಂತ ಗಾಢವಾಗುತ್ತದೆ: ಅಷ್ಟೇ ವರ್ಣದ್ರವ್ಯ, ಕಡಿಮೆ ನೀರು.

ತಪ್ಪು ಹೆಚ್ಚು ನುಸುಳುವುದು ಚಿತ್ರದಲ್ಲಿ. ಭಿತ್ತಿಯ ಹೊರಗೆರೆಯನ್ನು ಮೊದಲಿನ ಅಳತೆಯಲ್ಲೇ ಬರೆಯಿರಿ. ಕುಗ್ಗಿದ್ದು ಮುಖ್ಯವಾಗಿ ಒಳಗಿನ ಜೀವದ್ರವ್ಯ, ಭಿತ್ತಿಯಲ್ಲ. ಎರಡರ ನಡುವಿನ ಜಾಗ ಖಾಲಿಯಲ್ಲ, ಗಾಳಿಯೂ ಅಲ್ಲ. ಭಿತ್ತಿ ಉಪ್ಪನ್ನೂ ನೀರನ್ನೂ ಎರಡನ್ನೂ ಬಿಡುವುದರಿಂದ ಅಲ್ಲಿರುವುದು ನೀವು ಹಾಕಿದ ಉಪ್ಪುನೀರೇ. ವೈವಾದಲ್ಲಿ ಇದನ್ನು ಕೇಳಿದರೆ ಅಚ್ಚರಿಯಿಲ್ಲ.

ಹಿಂತಿರುಗಿಸುವುದಕ್ಕೆ ಅದೇ ರೀತಿ ನೀರು ಹಾಯಿಸಿದರೆ ನೇರಳೆ ಮತ್ತೆ ಭಿತ್ತಿಯವರೆಗೆ ಹರಡುತ್ತದೆ. 5% ದ್ರಾವಣದಿಂದ ಒಮ್ಮೆಲೇ ನೀರಿಗೆ ಬಿಟ್ಟರೆ ಕೆಲವು ಕೋಶಗಳ ಪೊರೆ ಒಡೆದು ಬಣ್ಣ ಸೋರಿಹೋಗುತ್ತದೆ. ನಡುವೆ 2% ಉಪ್ಪುನೀರು ಹಾಯಿಸಿಕೊಳ್ಳಿ. ಹೆಚ್ಚು ಹೊತ್ತು ಉಪ್ಪಿನಲ್ಲೇ ಬಿಟ್ಟ ಕೋಶ ಸತ್ತು ಮರಳುವುದೇ ಇಲ್ಲ.

ಬದುಕಿರುವ ಪೊರೆಯಿಂದಲೇ ಇದೆಲ್ಲ ಆಗುತ್ತದೆ ಎಂದು ತೋರಿಸಬೇಕಿದ್ದರೆ ಇನ್ನೊಂದು ತುಂಡನ್ನು ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿಟ್ಟು ಅದೇ ದ್ರಾವಣಕ್ಕೆ ಹಾಕಿ. ಕುದಿಯುವಾಗಲೇ ನೀರಿಗೆ ಬಣ್ಣ ಬಿಟ್ಟಿರುತ್ತದೆ, ಉಪ್ಪು ಹಾಕಿದರೂ ಏನೂ ಕುಗ್ಗುವುದಿಲ್ಲ. ಈ ಎರಡನೇ ಸ್ಲೈಡನ್ನು ಪಠ್ಯಕ್ರಮ ಕೇಳದಿದ್ದರೂ ಮಾಡಿಡಿ.